ಕಾಲಡಿಯ ಕಿಂಡಿ: ಶ್ರೀರಂಗಪಟ್ಟಣದ ಪತನವನ್ನು ಡೇವಿಡ್ ವಿಲ್ಕಿ ಗೆಲುವಿನ ಚಿತ್ರವಾಗಿ ಕಟ್ಟಿದ ಬಗೆ

ಚಿತ್ರದ ಎದುರು ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಕೆಂಪು ಕೋಟು. ಅಲ್ಲಿಂದ ದೀಪದ ಬೆಳಕಿನ ಜೊತೆಗೆ ನೋಟ ಕೆಳಗಿಳಿದು ಒಂದು ಶವದ ಮೇಲೆ ನಿಲ್ಲುತ್ತದೆ. ಇವೆರಡರ ನಡುವೆ, ಕೆಂಪು ಕೋಟಿನವನ ಕಾಲ ಕೆಳಗಿನ ಗೋಡೆಯಲ್ಲಿ, ಸರಳು ಹಾಕಿದ ಒಂದು ಕಿಂಡಿ ಅರ್ಧಂಬರ್ಧ ಕಾಣುತ್ತದೆ. ಹುಡುಕಿ ನೋಡದವರಿಗೆ ಅದು ಕಾಣದೆಯೂ ಹೋಗಬಹುದು. ಆದರೆ ಸುಮಾರು ಹನ್ನೊಂದೂವರೆ ಅಡಿ ಎತ್ತರದ ಈ ಚಿತ್ರದ ಇಡೀ ವಾದ ನಿಂತಿರುವುದು ಆ ಕಿಂಡಿಯ ಮೇಲೆ. ಅದನ್ನು ಅಲ್ಲಿ ಯಾಕೆ ಇಟ್ಟರು, ಇಡುವುದಕ್ಕಾಗಿ ಏನೇನನ್ನು ಬಿಟ್ಟರು ಎಂಬುದೇ ಈ ಅಧ್ಯಯನದ ವಿಷಯ.

ಚಿತ್ರದ ಹೆಸರು ಉದ್ದವಾದದ್ದು: ‘1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಗೆದ್ದ ಮೇಲೆ ಜನರಲ್ ಸರ್ ಡೇವಿಡ್ ಬೇರ್ಡ್ ಸುಲ್ತಾನ್ ಟಿಪ್ಪು ಸಾಹೇಬನ ದೇಹವನ್ನು ಪತ್ತೆಹಚ್ಚುವುದು’. ಬರೆದವನು ಸ್ಕಾಟ್ಲೆಂಡಿನ ಸರ್ ಡೇವಿಡ್ ವಿಲ್ಕಿ. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, ಎತ್ತರ 348.5 ಸೆಂ.ಮೀ., ಅಗಲ 267.9 ಸೆಂ.ಮೀ. ಕೆಲಸ ಅವನ ಕೈಗೆ ಬಂದದ್ದು 1834ರಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡದ್ದು 1839ರಲ್ಲಿ. ಈಗ ಎಡಿನ್‌ಬರೊದಲ್ಲಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಘಟನೆಗೂ ಚಿತ್ರಕ್ಕೂ ನಡುವೆ ಸರಿಯಾಗಿ 40 ವರ್ಷ. ನಾಯಕನಾಗಿ ನಿಂತಿರುವ ಬೇರ್ಡ್ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಬರೆದವನು ಅಲ್ಲಿಯವರೆಗೆ ಹಿಂದೂಸ್ತಾನಕ್ಕಿರಲಿ, ಪೂರ್ವದ ಯಾವ ದೇಶಕ್ಕೂ ಕಾಲಿಟ್ಟವನಲ್ಲ.

ಆ ಸಂಜೆ ಬಾಗಿಲಲ್ಲಿ ನಡೆದದ್ದು

ಚಿತ್ರದ ಜೊತೆ ಹೋಲಿಸಲು ನಮಗೆ ಒಂದು ಗಟ್ಟಿ ದಾಖಲೆ ಇದೆ. ದೇಹ ಸಿಕ್ಕಾಗ ಅಲ್ಲೇ ಇದ್ದ ಮೇಜರ್ ಅಲನ್ ಬರೆದ ವಿವರಣೆ 1800ರಲ್ಲೇ ಅಚ್ಚಾಯಿತು. ಗೆದ್ದವರ ಕಡೆಯವನ ಮಾತಾದರೂ ಅದರಲ್ಲಿ ಬಣ್ಣ ಕಡಿಮೆ, ವಿವರ ಹೆಚ್ಚು.

ಕೋಟೆಯ ವಾಯವ್ಯ ಮೂಲೆಯ ಹತ್ತಿರ ಫಿರಂಗಿಗಳು ಗೋಡೆಯನ್ನು ಒಡೆದಿದ್ದವು. ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲು ನೆತ್ತಿಯ ಮೇಲಿದ್ದಾಗ, ಬೇರ್ಡ್‌ನ ಮುಂದಾಳುತನದಲ್ಲಿ ದಾಳಿಯ ಪಡೆ ಕಾವೇರಿಯ ಬಂಡೆಗಳನ್ನು ದಾಟಿ ಒಡಕಿಗೆ ನುಗ್ಗಿತು. ಬೇಸಿಗೆಯ ಕೊನೆ, ಹೊಳೆಯಲ್ಲಿ ನೀರು ಕಡಿಮೆ. ಒಳಗೆ ಹೋದ ಪಡೆ ಎರಡಾಗಿ ಒಡೆದು ಒಂದು ದಳ ಉತ್ತರದ ಗೋಡೆಯ ಮೇಲೆ, ಇನ್ನೊಂದು ದಕ್ಷಿಣದ ಗೋಡೆಯ ಮೇಲೆ ಸಾಗಿತು. ಟಿಪ್ಪು ಎದುರಾದದ್ದು ಉತ್ತರದ ದಳಕ್ಕೆ. ಗಾಯಗೊಂಡು ಹಿಂದೆ ಸರಿಯುತ್ತ, ಒಳಕೋಟೆಯ ಬಾಗಿಲಿನ ಕಮಾನಿನಡಿ, ಎರಡೂ ಕಡೆಯಿಂದ ನೂಕಿಬಂದ ಜನರ ನಡುವೆ ಅವನು ಬಿದ್ದ.

ಅಲನ್ ಹೇಳುವ ಪ್ರಕಾರ ಹುಡುಕಾಟ ಶುರುವಾದಾಗ ಹೊತ್ತು ಮುಳುಗುತ್ತಿತ್ತು. ಬಾಗಿಲ ಒಳಗೆ ಹೆಣದ ಮೇಲೆ ಹೆಣ, ಸಾಲದ್ದಕ್ಕೆ ಕತ್ತಲು. ಯಾರು ಯಾರೆಂದು ಗುರುತಿಸಲಾಗದು. ಹೆಣಗಳನ್ನು ಒಂದೊಂದಾಗಿ ಹೊರಗೆಳೆಸಿ ಕೋಟೆಯ ಉಸ್ತುವಾರಿ ಹೊತ್ತಿದ್ದ ಕಿಲ್ಲೇದಾರನಿಗೂ ಇನ್ನಿಬ್ಬರಿಗೂ ತೋರಿಸಿದರು. ಅದು ಮುಗಿಯುವ ಕೆಲಸವಾಗಿ ಕಾಣಲಿಲ್ಲ. ಆಗ ಒಂದು ದೀಪ ತರಿಸಿ ಕಿಲ್ಲೇದಾರನೂ ಅಲನ್ನೂ ಒಳಗೆ ಹೋದರು. ಸುಲ್ತಾನನ ಪಲ್ಲಕ್ಕಿಯ ಅಡಿಯಲ್ಲಿ ಒಬ್ಬ ಗಾಯಾಳು ಸಿಕ್ಕಿದ: ಟಿಪ್ಪುವಿನ ನೆಚ್ಚಿನ ಸೇವಕ ರಾಜಾ ಖಾನ್. ದೊರೆ ಬಿದ್ದ ಜಾಗವನ್ನು ತೋರಿಸಿದವನು ಅವನೇ. ಮಿಣುಕು ಬೆಳಕಿನಲ್ಲಿ ಕಿಲ್ಲೇದಾರನಿಗೆ ಮುಖದ ಗುರುತು ಹತ್ತಲಿಲ್ಲ. ದೇಹವನ್ನು ಹೊರಗೆ ತಂದ ಮೇಲಷ್ಟೇ ಖಚಿತವಾಯಿತು. ಕಣ್ಣು ತೆರೆದೇ ಇತ್ತು, ಮೈ ಇನ್ನೂ ಬಿಸಿ. ಜೀವ ಇರಬಹುದೇ ಎಂದು ಅಲನ್ನನಿಗೂ ಕರ್ನಲ್ ವೆಲ್ಲೆಸ್ಲಿಗೂ ಕ್ಷಣಕಾಲ ಅನುಮಾನ ಬಂತು.

ಮೈಮೇಲೆ ನಾಲ್ಕು ಗಾಯ: ಮೂರು ದೇಹಕ್ಕೆ, ಒಂದು ಬಲಗಿವಿಗಿಂತ ತುಸು ಮೇಲೆ ಹೊಕ್ಕ ಗುಂಡಿನದು. ತೊಟ್ಟಿದ್ದು ನವಿರಾದ ಬಿಳಿ ಅಂಗಿ, ಹೂವಿನ ಚೀಟಿಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ರೇಷ್ಮೆ ಹತ್ತಿ ಕೂಡಿಸಿ ನೇಯ್ದ ಕೆಂಪು ವಸ್ತ್ರ. ಹೆಗಲಿಗೆ ಕೆಂಪು ಹಸಿರು ರೇಷ್ಮೆಪಟ್ಟಿಯ ಚೀಲ. ತಲೆ ಬರಿದು, ಪೇಟ ನೂಕುನುಗ್ಗಲಿನಲ್ಲಿ ಕಳೆದುಹೋಗಿತ್ತು. ತೋಳಿಗೆ ಒಂದು ತಾಯಿತ. ಅದು ಬಿಟ್ಟರೆ ಒಂದು ಒಡವೆಯೂ ಇರಲಿಲ್ಲ.

ಈ ದಾಖಲೆಯಲ್ಲಿ ಮೂರು ಸಂಗತಿ ಗಮನಿಸಬೇಕು. ಒಂದು, ಇದು ಹೆಣ ಎಳೆಯುವ, ಗುರುತು ಹಿಡಿಯುವ, ಗಂಟೆಗಟ್ಟಲೆ ನಡೆದ ಕೆಲಸ. ಒಂದು ಗಳಿಗೆಯ ದರ್ಶನವಲ್ಲ. ಎರಡು, ದೇಹವನ್ನು ಪತ್ತೆ ಮಾಡಿದವರು ರಾಜಾ ಖಾನ್ ಮತ್ತು ಕಿಲ್ಲೇದಾರ. ಬೇರ್ಡ್ ಅಲ್ಲಿದ್ದ, ಹುಡುಕಿಸಿದ. ಮೂರು, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯೂ ಅಲ್ಲಿದ್ದ. ಚಿತ್ರದ ಹೆಸರಿನಲ್ಲಿ ಇವರ ಪೈಕಿ ಉಳಿದದ್ದು ಬೇರ್ಡ್ ಒಬ್ಬನೇ.

ಬರೆಸಿದವಳ ಅಳಲು

ಬರೆಸಿದವಳು ಬೇರ್ಡ್‌ನ ವಿಧವೆ ಲೇಡಿ ಬೇರ್ಡ್. ಗಂಡ 1829ರ ಆಗಸ್ಟಿನಲ್ಲಿ ತೀರಿಕೊಂಡ ಮೇಲೆ ಆಕೆ ಸುಮ್ಮನೆ ಕೂರಲಿಲ್ಲ. 1832ರಲ್ಲಿ ಅವನ ಜೀವನಚರಿತ್ರೆ ಹೊರಬಂತು. ಪರ್ತ್‌ಶೈರಿನ ಕ್ರೀಫ್ ಊರಿನ ಹತ್ತಿರ, ಗುಡ್ಡದ ಮೇಲೆ, ಅವನ ಹೆಸರಿನ ಕಲ್ಲಿನ ಸ್ತಂಭ ಎದ್ದಿತು. ಅದಾದ ಮೇಲೆ ವಿಲ್ಕಿಗೆ ಕರೆ ಹೋಯಿತು. ಪುಸ್ತಕ, ಸ್ತಂಭ, ಚಿತ್ರ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಸಲ್ಲಬೇಕಾದ ಗೌರವ ಗಂಡನಿಗೆ ಸಲ್ಲಲಿಲ್ಲ ಎಂಬ ಹಳೆಯ ನೋವಿಗೆ ಆಕೆ ಒಂದರ ಹಿಂದೆ ಒಂದು ಉತ್ತರ ಕೊಡುತ್ತಿದ್ದಾಳೆ ಎನಿಸುತ್ತದೆ.

ನೋವಿನ ಮೂಲ 1799ರ ಮೇ 5. ಹಿಂದಿನ ದಿನ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದವನು ಮೇಜರ್ ಜನರಲ್ ಬೇರ್ಡ್. ಮರುದಿನ ಊರಿನ ಅಧಿಕಾರ ಹೋದದ್ದು ಅವನಿಗಿಂತ ಕೆಳದರ್ಜೆಯ ಕರ್ನಲ್ ವೆಲ್ಲೆಸ್ಲಿಗೆ. ಅವನ ಅಣ್ಣ ಆಗಿನ ಗವರ್ನರ್ ಜನರಲ್. ಹಣೆಯ ಬೆವರು ಆರುವ ಮೊದಲೇ ತನ್ನನ್ನು ಪಕ್ಕಕ್ಕೆ ಸರಿಸಿದರು ಎಂಬರ್ಥದ ಮಾತು ಬೇರ್ಡ್‌ನ ಹೆಸರಿನಲ್ಲಿ ಉಳಿದುಕೊಂಡಿದೆ. ಸೈನ್ಯದವರು ಅವನಿಗೆ ಟಿಪ್ಪುವಿನ ಖಡ್ಗವೊಂದನ್ನು ಕೊಟ್ಟು ಗೌರವಿಸಿದರು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಗಿ ನಮ್ಮ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದ ಮಲಗುವ ಕೋಣೆಯ ಖಡ್ಗ ಅದು. ಖಡ್ಗ ಸಿಕ್ಕಿತು, ಅಧಿಕಾರ ಸಿಗಲಿಲ್ಲ. 1830ರ ದಶಕದ ಹೊತ್ತಿಗೆ ವೆಲಿಂಗ್ಟನ್ ಇಡೀ ಬ್ರಿಟನ್ನಿನ ಮನೆಮಾತು. ಬೇರ್ಡ್‌ನ ಹೆಸರು ಮಾಸುತ್ತಿತ್ತು.

ಆದ್ದರಿಂದ ಈ ಚಿತ್ರ ಎರಡು ಗೆಲುವುಗಳನ್ನು ಹೇಳುತ್ತದೆ. ಒಂದು ಟಿಪ್ಪುವಿನ ಮೇಲಿನದು, ಎಲ್ಲರಿಗೂ ಕಾಣುವಂಥದ್ದು. ಇನ್ನೊಂದು ಮೇ 4ರ ಗೆಲುವು ಯಾರದೆಂಬ ಮನೆಯೊಳಗಿನ ಜಗಳದ್ದು. ಈ ಎರಡನೆಯದನ್ನು ಬಿಟ್ಟು ನೋಡಿದರೆ ಚಿತ್ರಕಾರನ ಆಯ್ಕೆಗಳು ಅರ್ಥವಾಗುವುದಿಲ್ಲ. ವಿಚಿತ್ರವೆಂದರೆ ಇದೇ ವಿಲ್ಕಿ ಹಿಂದೆ ವೆಲಿಂಗ್ಟನ್ನನಿಗಾಗಿಯೂ ಒಂದು ಗೆಲುವಿನ ಚಿತ್ರ ಬರೆದುಕೊಟ್ಟಿದ್ದ. 1822ರ ಆ ಚಿತ್ರದಲ್ಲಿ ಚೆಲ್ಸಿಯ ನಿವೃತ್ತ ಸಿಪಾಯಿಗಳು ವಾಟರ್ಲೂ ಯುದ್ಧದ ಸುದ್ದಿಯನ್ನು ಬೀದಿಯಲ್ಲಿ ಓದುತ್ತಿದ್ದಾರೆ. ಡ್ಯೂಕ್ ಕೊಟ್ಟ ಬೆಲೆ 1,200 ಗಿನಿ. ಪ್ರದರ್ಶನದಲ್ಲಿ ಜನ ಮುಗಿಬಿದ್ದು, ಚಿತ್ರದ ಮುಂದೆ ಅಡ್ಡಕಂಬಿ ಹಾಕಬೇಕಾಯಿತು. ಅದರಲ್ಲಿ ರಣರಂಗವೇ ಇಲ್ಲ, ಹೆಣವಿಲ್ಲ, ಸೇನಾಪತಿಯೂ ಇಲ್ಲ. ಗೆಲುವು ಇರುವುದು ಕೇಳುತ್ತಿರುವವರ ಮುಖದಲ್ಲಿ. ನಮ್ಮ ಅಭಿಪ್ರಾಯದಲ್ಲಿ ವಿಲ್ಕಿಯ ನಿಜವಾದ ಶಕ್ತಿ ಅಂಥ ಚಿತ್ರಗಳಲ್ಲಿದೆ. ಬೇರ್ಡ್‌ನ ಚಿತ್ರದಲ್ಲಿ ಅವನು ತನ್ನ ಸ್ವಭಾವಕ್ಕೆ ಒಗ್ಗದ ಭಾರವನ್ನು ಹೊತ್ತ. ಹೊತ್ತ ಬಗೆ ಮಾತ್ರ ಗಮನಿಸುವಂಥದ್ದು.

ಮೊದಲೇ ಇದ್ದ ಚಿತ್ರಗಳು

ವಿಷಯ ಹೊಸದಲ್ಲ. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ಇಪ್ಪತ್ತರ ಹರೆಯದ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ದಾಳಿಯ ದೊಡ್ಡ ಪನೋರಮಾ ತೆರೆದಿದ್ದ. ಸುಮಾರು 120 ಅಡಿ ಉದ್ದದ ಕ್ಯಾನ್ವಾಸನ್ನು ಅರ್ಧವೃತ್ತವಾಗಿ ಬಾಗಿಸಿ ನಿಲ್ಲಿಸಿದ್ದರು. ನಡುವೆ ನಿಂತ ಜನರಿಗೆ ತಾವೇ ಒಡಕಿನ ಎದುರು ಇದ್ದೇವೆ ಎನಿಸಬೇಕು. ಮೂಲ ಉಳಿದಿಲ್ಲ. ಜೋವಾನಿ ವೆಂದ್ರಾಮಿನಿ ಕೆತ್ತಿದ ಅಚ್ಚುಚಿತ್ರಗಳಿಂದ ಅದರ ರೂಪ ತಿಳಿಯುತ್ತದೆ. ಹೆನ್ರಿ ಸಿಂಗಲ್ಟನ್ ಟಿಪ್ಪುವಿನ ಕೊನೆಯ ಹೋರಾಟವನ್ನು ಬರೆದ. ಆರ್ಥರ್ ವಿಲಿಯಂ ಡೆವಿಸ್ ದೇಹ ಸಿಕ್ಕ ಪ್ರಸಂಗವನ್ನೇ ಬರೆದ.

ಬೇರ್ಡ್‌ನ ಕೀರ್ತಿಗೆ ಇವುಗಳಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಪನೋರಮಾದಲ್ಲಿ ಸಾವಿರ ಜನ, ಗೆಲುವು ಗುಂಪಿನದಾಗುತ್ತದೆ. ಕೊನೆಯ ಹೋರಾಟದ ಚಿತ್ರದಲ್ಲಿ ಇನ್ನೊಂದು ತೊಡಕು: ಅಲ್ಲಿ ವೀರನಾಗಿ ಕಾಣುವವನು ಟಿಪ್ಪು. ಎದುರಾಳಿ ಕತ್ತಿ ಹಿಡಿದು ನಿಂತಿರುವವರೆಗೆ ನೋಡುವವರ ಮನಸ್ಸು ಅವನ ಕಡೆ ವಾಲುತ್ತದೆ. ಗೆದ್ದವನೊಬ್ಬನನ್ನೇ ನಾಯಕನಾಗಿಸಬೇಕಾದರೆ ಯುದ್ಧ ಮುಗಿದಿರಬೇಕು, ಗುಂಪು ಕರಗಿರಬೇಕು, ಎದುರಾಳಿ ಮಲಗಿರಬೇಕು. ವಿಲ್ಕಿ ಸಂಜೆಯನ್ನು ಆರಿಸಿಕೊಂಡದ್ದರ ತರ್ಕ ಇದೇ.

ಎತ್ತರ ಮತ್ತು ಬೆಳಕು

ಯುದ್ಧದ ಚಿತ್ರಗಳು ಸಾಮಾನ್ಯವಾಗಿ ಅಡ್ಡಗಲ. ಪಡೆ, ಬಯಲು, ಹೊಗೆ, ದಿಗಂತ ಎಲ್ಲಕ್ಕೂ ಅಗಲ ಬೇಕು. ಇದು ಉದ್ದುದ್ದ ನಿಂತ ಚಿತ್ರ. ಅಗಲಕ್ಕಿಂತ ಎತ್ತರ ಸುಮಾರು ಮುಕ್ಕಾಲು ಮೀಟರಿನಷ್ಟು ಹೆಚ್ಚು. ಈ ಅಳತೆ ಚರ್ಚಿನ ಪೂಜಾಪೀಠದ ಹಿಂದಿನ ಚಿತ್ರಗಳಿಗೆ ಹತ್ತಿರದ್ದು. ಮೇಲೆ ನೆಟ್ಟಗೆ ನಿಂತವನು, ಕೆಳಗೆ ಮಲಗಿದವನು, ಸುತ್ತ ದೀಪ ಹಿಡಿದು ಬಾಗಿದವರು: ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಚಿತ್ರಗಳನ್ನು ಕಂಡು ಬೆಳೆದ ಯೂರೋಪಿನ ಕಣ್ಣಿಗೆ ಈ ಜೋಡಣೆ ಹಳೆಯ ಪರಿಚಯ. ಅದರಿಂದ ವಿಲ್ಕಿಗೆ ಲಾಭವೂ ಆಯಿತು, ತೊಂದರೆಯೂ ಆಯಿತು. ದೃಶ್ಯಕ್ಕೆ ಗಾಂಭೀರ್ಯ ತಾನಾಗಿ ಬಂತು. ಆದರೆ ಅಂಥ ಚಿತ್ರಗಳಲ್ಲಿ ಕರುಣೆ ಸಲ್ಲುವುದು ಕೆಳಗೆ ಮಲಗಿದ ದೇಹಕ್ಕೆ. ಇಲ್ಲಿಯೂ ಕಣ್ಣು ಮತ್ತೆ ಮತ್ತೆ ಟಿಪ್ಪುವಿನ ಕಡೆಗೇ ಇಳಿಯುತ್ತದೆ. ಕೆಂಪು ಕೋಟು ಎಷ್ಟು ಕೂಗಿದರೂ ಇದನ್ನು ಪೂರ್ತಿ ತಡೆಯಲಾಗಿಲ್ಲ.

ಬೆಳಕನ್ನು ವಿಲ್ಕಿ ಪಂಜು ಮತ್ತು ಲಾಂದ್ರಗಳಿಂದ ಕಟ್ಟಿದ. 1825ರಿಂದ 1828ರವರೆಗೆ ಇಟಲಿ, ಸ್ಪೇನ್ ಸುತ್ತಿ ಬಂದ ಮೇಲೆ ಅವನ ಕೈ ಬದಲಾಗಿತ್ತು. ಮೊದಲಿನ ಸಣ್ಣ ಸಣ್ಣ ಗೆರೆಯ, ಹಳ್ಳಿಯ ಮನೆಯೊಳಗಿನ ಚಿತ್ರಗಳ ಜಾಗದಲ್ಲಿ ಸ್ಪೇನಿನ ಹಳೆಯ ಚಿತ್ರಕಾರರಾದ ವೆಲಾಸ್ಕೆಸ್, ಮುರಿಲ್ಲೊ ಅವರ ಪ್ರಭಾವದ ಅಗಲ ಕುಂಚ, ಗಾಢ ಕತ್ತಲು ಬಂದವು. ದಾಖಲೆಯ ದೀಪ ಮಿಣುಕು, ಮುಖವನ್ನೇ ತೋರಿಸದಷ್ಟು ಬಡವು. ಚಿತ್ರದ ದೀಪ ಏನನ್ನು ತೋರಿಸಬೇಕು, ಏನನ್ನು ಮುಚ್ಚಬೇಕು ಎಂದು ಬಲ್ಲದ್ದು. ಅದು ಒಂದು ದೇಹವನ್ನು ತೋರಿಸುತ್ತದೆ, ಬಾಗಿಲಲ್ಲಿದ್ದ ನೂರಾರು ಹೆಣಗಳನ್ನು ಕತ್ತಲಿಗೆ ಬಿಡುತ್ತದೆ.

ಅದೇ ಕತ್ತಲು ಊರನ್ನೂ ಮುಚ್ಚಿದೆ. ಬಾಗಿಲಲ್ಲಿ ಹುಡುಕಾಟ ನಡೆದ ಆ ರಾತ್ರಿಯೇ ಶ್ರೀರಂಗಪಟ್ಟಣ ಲೂಟಿಯಾಯಿತು. ಲೂಟಿಯಾಗದ ಮನೆ ಊರಿನಲ್ಲಿ ಇಲ್ಲವೆನ್ನಬಹುದು ಎಂದು ವೆಲ್ಲೆಸ್ಲಿ ತನ್ನ ಅಣ್ಣನಿಗೆ ಬರೆದ ಪತ್ರದಲ್ಲೇ ಇದೆ. ತನ್ನದೇ ಪಡೆಯವರನ್ನು ನೇಣಿಗೆ ಹಾಕಿಸಿ, ಛಡಿ ಹೊಡೆಸಿ ಹತೋಟಿಗೆ ತರಬೇಕಾಯಿತು. ನಮ್ಮ ಕಡೆಯ ಓದುಗರು ಈ ಚಿತ್ರದ ಹಿನ್ನೆಲೆಯ ಕಪ್ಪನ್ನು ನೋಡುವಾಗ ಆ ಮನೆಗಳನ್ನು ನೆನೆಯಬೇಕು. ಅದು ಬರೀ ಚಿತ್ರಕಲೆಯ ನೆರಳಲ್ಲ.

ಕಿಂಡಿ

ಈಗ ಕಾಲಡಿಗೆ ಬರೋಣ. ಪ್ರದರ್ಶನದ ಪಟ್ಟಿಯಲ್ಲಿ ವಿಲ್ಕಿಯೇ ವಿವರಣೆ ಕೊಟ್ಟ: ಬೇರ್ಡ್ ನಿಂತ ಜಾಗದ ಕೆಳಗಿನ ಗೋಡೆಯಲ್ಲಿ ಅರ್ಧ ಕಾಣುವ ಜಾಲರಿಯು, ಹೈದರಾಲಿ ಮತ್ತು ಟಿಪ್ಪು ಬೇರ್ಡ್‌ನನ್ನು ಸುಮಾರು ನಾಲ್ಕು ವರ್ಷ ಕೂಡಿಹಾಕಿದ್ದ ನೆಲಮನೆಗೆ ಬೆಳಕು ಬಿಡುವ ಕಿಂಡಿಯೆಂದು ಭಾವಿಸಲಾಗಿದೆ. ‘ಭಾವಿಸಲಾಗಿದೆ’ ಎಂಬ ಮಾತು ಮುಖ್ಯ. ಚಿತ್ರಕಾರ ಇದನ್ನು ಸ್ಥಳದ ಸತ್ಯವೆಂದು ಹೇಳುತ್ತಿಲ್ಲ.

ಹಿನ್ನೆಲೆ ಹೀಗಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸಿಕ್ಕಿ ನಾಶವಾಯಿತು. ಗಾಯಗೊಂಡು ಸೆರೆಸಿಕ್ಕವರಲ್ಲಿ ಕ್ಯಾಪ್ಟನ್ ಬೇರ್ಡ್ ಒಬ್ಬ. ಶ್ರೀರಂಗಪಟ್ಟಣದಲ್ಲಿ ಸಂಕೋಲೆ ತೊಟ್ಟು ಮೂರೂವರೆ ವರ್ಷ ಕಳೆದ. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದವಾಗಿ ಬೇರ್ಡ್ ಬಿಡುಗಡೆಯಾದ.

ಚಿತ್ರದ ಒಂದು ಒಳ್ಳೆಯ ಪ್ರತಿ ಸಿಕ್ಕರೆ ಹೀಗೆ ಮಾಡಿ ನೋಡಿ. ಕಿಂಡಿಯನ್ನು ಹೆಬ್ಬೆರಳಿನಿಂದ ಮುಚ್ಚಿ. ಉಳಿಯುವುದು ಪರದೇಶದ ಒಬ್ಬ ಸೇನಾಪತಿ, ಇನ್ನೊಬ್ಬರ ಊರಿನ ಬಾಗಿಲಲ್ಲಿ, ಆ ಊರಿನ ದೊರೆಯ ಶವದ ಮೇಲೆ ನಿಂತಿರುವ ದೃಶ್ಯ. ಬೆರಳು ತೆಗೆಯಿರಿ. ಅದೇ ಮನುಷ್ಯ ಈಗ ತಾನು ಸೆರೆಯಿದ್ದ ಜಾಗಕ್ಕೆ ಮರಳಿ ಬಂದ ಕೈದಿ. ದಾಳಿ ಅನ್ಯಾಯದ ತೀರುವಳಿ. ಸಾವು ಬಾಕಿ ಉಳಿದಿದ್ದ ಲೆಕ್ಕ. ಒಂದು ರಾಜ್ಯವನ್ನು ಕಂಪನಿ ಯಾಕೆ ಮುರಿಯಿತು ಎಂಬ ಪ್ರಶ್ನೆಗೆ ಸರಳಿನ ಕಿಂಡಿಯೊಂದು ಉತ್ತರವಾಗಿ ನಿಲ್ಲುತ್ತದೆ. ವೆಲಿಂಗ್ಟನ್ನನಿಗೆ ಕೊಡುವ ಉತ್ತರವೂ ಅದರಲ್ಲೇ ಇದೆ: ಈ ಊರಿನ ಮೇಲೆ ಹಕ್ಕಿರುವುದು ಇಲ್ಲಿ ಸಂಕೋಲೆ ತೊಟ್ಟವನಿಗೆ, ಮರುದಿನ ಬಂದು ಕುರ್ಚಿ ಹಿಡಿದವನಿಗಲ್ಲ. ವಿಧವೆಯ ಮನಸ್ಸಿನ ಮಾತನ್ನು ಒಬ್ಬನ ಹೆಸರೂ ಎತ್ತದೆ ಹೇಳಿದ ಜಾಣತನಕ್ಕೆ ಮೆಚ್ಚಲೇಬೇಕು.

ಆದರೆ ಈ ಜಾಣತನ ಹದಿನೈದು ವರ್ಷಗಳನ್ನು ನುಂಗಿದೆ. ಸೆರೆಯಿಂದ ಬಿಡುಗಡೆ 1784ರಲ್ಲಿ, ದಾಳಿ 1799ರಲ್ಲಿ. ನಡುವೆ 1792ರಲ್ಲಿ ಕಂಪನಿ ಮತ್ತು ಅದರ ಮಿತ್ರರು ಇದೇ ಕೋಟೆಗೆ ಮುತ್ತಿಗೆ ಹಾಕಿ ಅರ್ಧ ರಾಜ್ಯವನ್ನು ಬರೆಸಿಕೊಂಡು, ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕರೆದೊಯ್ದಿದ್ದರು. ಆ ಯುದ್ಧದಲ್ಲೂ ಬೇರ್ಡ್ ಇದ್ದ. ಕಿಂಡಿಯಿಂದ ನೇರ ಶವಕ್ಕೆ ಬರುವ ನೋಟಕ್ಕೆ ಇದಾವುದೂ ಸಿಗುವುದಿಲ್ಲ.

ಸ್ಥಳದ ಲೆಕ್ಕದಲ್ಲೂ ಕಿಂಡಿ ನಿಲ್ಲದು. ಇವತ್ತು ಪ್ರವಾಸಿಗಳಿಗೆ ತೋರಿಸುವ ‘ಕರ್ನಲ್ ಬೇಲಿ ಡಂಜನ್’ ಉತ್ತರದ ಹೊಳೆಯ ಬದಿಗಿದೆ. ಗಾರೆ ಬಳಿದ ಕಮಾನು ಚಾವಣಿಯ ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲದ ನೆಲಮನೆ. ಕೈದಿಗಳ ಕೈಗೆ ಸರಪಳಿ ಬಿಗಿಯಲು ತೂತು ಕೊರೆದ ಕಲ್ಲಿನ ಚಪ್ಪಡಿಗಳು ಗೋಡೆಯಿಂದ ಹೊರಚಾಚಿವೆ. ಅದು ಸುಲ್ತಾನ ಬಿದ್ದ ಬಾಗಿಲಿನ ಅಡಿಯಲ್ಲಿಲ್ಲ. ಊರಿನ ಎರಡು ಬೇರೆ ಜಾಗಗಳನ್ನು ವಿಲ್ಕಿ ಒಂದರ ಮೇಲೊಂದು ಇಟ್ಟ.

ಡಾಂಬರಿನ ಕತ್ತಲು ಮತ್ತು ಅದರ ಕೇಡು

ಇಷ್ಟು ಆಳದ ಕತ್ತಲನ್ನು ಆಗಿನ ಬ್ರಿಟಿಷ್ ಚಿತ್ರಕಾರರು ಹೇಗೆ ತರುತ್ತಿದ್ದರು ಎಂಬುದು ತಿಳಿಯಬೇಕಾದ ಸಂಗತಿ, ಏಕೆಂದರೆ ಆ ಕಾಲದ ದೊಡ್ಡ ಚಿತ್ರಗಳು ಕೆಟ್ಟದ್ದು ಹೆಚ್ಚಾಗಿ ಅಲ್ಲೇ. ಕೆಲಸದ ಕ್ರಮ ಸರಳ. ಮೊದಲು ಒಟ್ಟು ಜೋಡಣೆಯ ಸಣ್ಣ ಕರಡು. ಬಳಿಕ ಒಬ್ಬೊಬ್ಬರಿಗೂ, ಕೆಲವೊಮ್ಮೆ ಒಂದು ಕೈಗೂ, ಪ್ರತ್ಯೇಕ ರೇಖಾಚಿತ್ರ. ಆಮೇಲೆ ದೊಡ್ಡ ಕ್ಯಾನ್ವಾಸಿನಲ್ಲಿ ಕಂದು ಬಣ್ಣದಿಂದ ನೆರಳಿನ ಹಾಸು, ಅದರ ಮೇಲೆ ಬೆಳಕಿನ ಭಾಗಗಳ ದಪ್ಪ ಬಣ್ಣ, ಕೊನೆಗೆ ತೆಳುವಾದ ಪಾರದರ್ಶಕ ಲೇಪಗಳು.

ಆ ಕಂದಿಗೆ ಬಳಸುತ್ತಿದ್ದ ಒಂದು ವಸ್ತು ಡಾಂಬರು. ನಮ್ಮ ರಸ್ತೆಗೆ ಸುರಿಯುವ ಡಾಂಬರಿನ ನೈಸರ್ಗಿಕ ಬಂಧು; ಅದನ್ನು ಎಣ್ಣೆಯಲ್ಲಿ ಕಾಯಿಸಿ ಕರಗಿಸುತ್ತಿದ್ದರು. ಹಚ್ಚಿದ ದಿನ ಅದರ ಬಣ್ಣ ಬೆಲ್ಲದ ಪಾಕದಂತೆ ಹೊಳೆಯುವ ಬೆಚ್ಚನೆಯ ಕಂದು. ಬೇರೆ ಯಾವ ಬಣ್ಣಕ್ಕೂ ಆ ಆಳವಿಲ್ಲ. ವಿಲ್ಕಿ ಇದನ್ನು ಧಾರಾಳವಾಗಿ ಬಳಸಿದವರಲ್ಲಿ ಒಬ್ಬ. ಸ್ಕಾಟ್ಲೆಂಡಿನ ಧರ್ಮಸುಧಾರಕ ಜಾನ್ ನಾಕ್ಸ್ ಉಪದೇಶ ಮಾಡುವುದನ್ನು ತೋರಿಸುವ 1832ರ ಅವನ ಚಿತ್ರ ಇದರಿಂದಲೇ ತುಂಬಾ ಹಾಳಾಯಿತು.

ಕೆಡುವುದು ಹೀಗೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಡಾಂಬರು ಸೇರಿದರೆ ಆ ಕ್ರಿಯೆಗೇ ತಡೆ. ಮೇಲೆ ಹಚ್ಚಿದ ಬಣ್ಣ ಒಣಗಿ ಬಿಗಿಯುತ್ತದೆ, ಅಡಿಯ ಪದರ ಮೆತ್ತಗೇ ಇದ್ದು ಜಾರುತ್ತದೆ. ಆಗ ಮೇಲ್ಪದರ ಬಿರಿಯುತ್ತದೆ: ಬೇಸಿಗೆಯ ಕೆರೆಯಂಗಳದ ಹಾಗೆ ಅಗಲ ಬಿರುಕು, ನಡುನಡುವೆ ಸುರುಟಿದ ದ್ವೀಪಗಳು. ಜೊತೆಗೆ ಕಂದು ಬಣ್ಣ ವರ್ಷ ಕಳೆದಂತೆ ಮಂಕಾದ ಕಪ್ಪಾಗುತ್ತದೆ. ಒಣಗಲೆಂದು ಸೀಸದ ಸಂಯುಕ್ತ ಬೆರೆಸಿದರೆ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ಮೆತುವು ಇನ್ನಷ್ಟು ಸಿಕ್ಕಿಬೀಳುತ್ತದೆ.

ಸರಿಪಡಿಸುವುದೂ ಸುಲಭವಲ್ಲ. ಹಳದಿಯಾದ ಹಳೆಯ ವಾರ್ನಿಶ್ ತೆಗೆಯುವ ದ್ರಾವಕಗಳಲ್ಲಿ ಡಾಂಬರೂ ಕರಗುತ್ತದೆ. ವಾರ್ನಿಶ್ ಎಂದುಕೊಂಡು ಒರೆಸಿದರೆ ಚಿತ್ರಕಾರನ ಕೊನೆಯ ಲೇಪವೇ ಹತ್ತಿಯಲ್ಲಿ ಬರುತ್ತದೆ. ಹರಿದ ಕ್ಯಾನ್ವಾಸಿಗೆ ಹಿಂದಿನಿಂದ ಬಟ್ಟೆ ಅಂಟಿಸಲು ಇಸ್ತ್ರಿಯ ಬಿಸಿ ಕೊಟ್ಟರೆ ಡಾಂಬರು ಮತ್ತೆ ಮೆತ್ತಗಾಗುತ್ತದೆ. ತಿಳಿದವರು ಬಿರುಕಿನ ಗೆರೆಗಳಿಗೆ ಮಾತ್ರ, ಬೇಕಾದಾಗ ತೆಗೆಯಬಹುದಾದ ಬಣ್ಣ ತುಂಬಿ ಸುಮ್ಮನಾಗುತ್ತಾರೆ. ಆದ್ದರಿಂದ ಆ ಕಾಲದ ಯಾವುದೇ ದೊಡ್ಡ ಚಿತ್ರದ ಕಪ್ಪು ಭಾಗವನ್ನು ನೋಡಿ ‘ಚಿತ್ರಕಾರ ಇಲ್ಲಿ ಏನೂ ಬರೆದಿಲ್ಲ’ ಎಂದು ತೀರ್ಮಾನಿಸಬಾರದು. ಅವನು ಬರೆದದ್ದು ನಮಗೆ ಕಾಣದೆ ಹೋಗಿರಬಹುದು. ಮೊಬೈಲಿನಲ್ಲಿ ಹರಿದಾಡುವ ಪ್ರತಿಗಳಲ್ಲಂತೂ ನೆರಳು ಪೂರಾ ಹೂತುಹೋಗಿ ಕಿಂಡಿಯೇ ಮಾಯ.

ಹೆಚ್ಚು ಜನ ಈ ದೃಶ್ಯವನ್ನು ಕಂಡದ್ದು ಬಣ್ಣದಲ್ಲಿ ಅಲ್ಲ, ವಿಲ್ಕಿಯ ಹಳೆಯ ಜೊತೆಗಾರ ಜಾನ್ ಬರ್ನೆಟ್ ಕೆತ್ತಿದ ಅಚ್ಚುಚಿತ್ರದಲ್ಲಿ. ಕಪ್ಪುಬಿಳುಪಿನಲ್ಲಿ ಕೆಂಪು ಕೋಟಿನ ಬಲ ಹೋಗುತ್ತದೆ. ಎತ್ತರ, ಬೆಳಕು, ಕಿಂಡಿ ಇಷ್ಟೇ ಉಳಿದು ಕೆಲಸ ನಡೆಸಬೇಕು.

ಅದೇ ಊರಿನ ಇನ್ನೊಂದು ಗೆಲುವಿನ ಚಿತ್ರ

ವಿಲ್ಕಿಯ ಚಿತ್ರಕ್ಕೆ ಜೋಡಿಯೊಂದಿದೆ; ಅದನ್ನು ನೋಡಲು ಎಡಿನ್‌ಬರೊಗೆ ಹೋಗಬೇಕಿಲ್ಲ. ಕೋಟೆಯಿಂದ ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರ್ ದೂರದ ದರಿಯಾ ದೌಲತ್ ಬಾಗಿನ ಪಶ್ಚಿಮ ಗೋಡೆಯ ಮೇಲೆ ಪೊಳ್ಳಿಲೂರಿನ ಕದನವಿದೆ. ಬೇರ್ಡ್ ಸೆರೆಸಿಕ್ಕ ಅದೇ ಕದನ, ಟಿಪ್ಪು ಬರೆಸಿದ್ದು. 1784ರಲ್ಲಿ, ಎಂದರೆ ಬೇರ್ಡ್ ಬಿಡುಗಡೆಯಾದ ವರ್ಷವೇ, ಆ ಅರಮನೆ ಎದ್ದಿತು.

ಅಲ್ಲಿ ಗೆಲುವು ತೋರುವ ಕ್ರಮವೇ ಬೇರೆ. ಒಬ್ಬನೇ ನಾಯಕನ ಮೇಲೆ ಬೀಳುವ ದೀಪವಿಲ್ಲ, ನೆರಳೇ ಇಲ್ಲ. ಗೋಡೆಯುದ್ದಕ್ಕೂ ಸಾಲುಸಾಲಾಗಿ ಕುದುರೆ, ಆನೆ, ಕಾಲಾಳು. ಹೈದರ್ ಮತ್ತು ಟಿಪ್ಪು ಆನೆ ಕುದುರೆಗಳ ಮೇಲೆ ಹೂವು ಮೂಸುವಷ್ಟು ನಿಶ್ಚಿಂತೆಯಿಂದ ಬರುತ್ತಾರೆ. ನಡುವೆ ಕೆಂಪು ಕೋಟಿನವರ ಚೌಕ, ಅದರೊಳಗೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬೇಲಿ. ಪಕ್ಕದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಕತ್ತರಿಸಿ ಬಿದ್ದ ತಲೆಗಳಿಗೆ ಸಂಕೋಚವಿಲ್ಲದೆ ಜಾಗ ಕೊಟ್ಟಿದ್ದಾರೆ. ವಿಲ್ಕಿ ಕತ್ತಲಲ್ಲಿ ಬಚ್ಚಿಟ್ಟದ್ದನ್ನು ಈ ಗೋಡೆ ಹಗಲಿನಲ್ಲಿ ಇಟ್ಟಿದೆ. ಎರಡೂ ಗೆದ್ದವರ ಚಿತ್ರಗಳೇ. ಆದರೆ ಗೋಡೆಯ ಚಿತ್ರಕಾರರಿಗೆ ಗೆಲುವಿಗೆ ಕಾರಣ ಕೊಡಬೇಕೆಂಬ ಚಿಂತೆ ಇರಲಿಲ್ಲ. ವಿಲ್ಕಿಗೆ ಇತ್ತು. ಕಿಂಡಿ ಹುಟ್ಟಿದ್ದು ಆ ಚಿಂತೆಯಿಂದ.

ಈ ಗೋಡೆಯನ್ನು ಉಳಿಸಿಕೊಂಡವರಲ್ಲಿ ಗೆದ್ದವರೂ ಇದ್ದಾರೆ. ಕೋಟೆ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ವೆಲ್ಲೆಸ್ಲಿ, ಸುಣ್ಣ ಹೊಡೆದು ಮುಚ್ಚಿದ್ದ ಚಿತ್ರಗಳನ್ನು ಸರಿಪಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಮತ್ತೆ ಬರೆಸಿದ. ಹಾಗಾಗಿ ನಾವು ಇವತ್ತು ನೋಡುವ ಪ್ರತಿಯೊಂದು ಗೆರೆಯೂ 1784ರದ್ದಲ್ಲ. ಪೊಳ್ಳಿಲೂರಿನ ಕದನವನ್ನು ಕಾಗದದ ಮೇಲೆ ಬರೆದ ಸುಮಾರು 32 ಅಡಿ ಉದ್ದದ ಹಳೆಯ ಪ್ರತಿಯೊಂದು 2022ರಲ್ಲಿ ಲಂಡನ್ನಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು.

ಸ್ಥಳದಲ್ಲಿ ನೋಡುವ ಕ್ರಮ

ಚಿತ್ರವನ್ನು ಪರೀಕ್ಷಿಸಬೇಕೆಂದಿರುವವರು ಮೊದಲು ದರಿಯಾ ದೌಲತ್‌ಗೆ ಹೋಗಲಿ, ಬೆಳಗಿನ ಹೊತ್ತು. ಪೊಳ್ಳಿಲೂರಿನ ಗೋಡೆ ನೋಡಿದ ಮೇಲೆ ಬೇರ್ಡ್‌ನ ಕಥೆ ಎಲ್ಲಿಂದ ಶುರುವಾಯಿತೆಂದು ಗೊತ್ತಾಗುತ್ತದೆ. ಅಲ್ಲಿಂದ ಕೋಟೆಯೊಳಗೆ ಬಂದು ಬೇಲಿ ಡಂಜನ್ನಿನ ಮೆಟ್ಟಿಲಿಳಿಯಲಿ. ಕಲ್ಲಿನ ತೂತುಗಳ ಎತ್ತರಕ್ಕೆ ಕೈ ಹಿಡಿದು ನೋಡಿದರೆ ಸಂಕೋಲೆಯ ನೋವು ಕಟ್ಟುಕಥೆಯಲ್ಲ ಎಂದು ಮೈಗೇ ತಿಳಿಯುತ್ತದೆ. ವಿಲ್ಕಿ ಸೆರೆಯನ್ನು ಕಲ್ಪಿಸಿಕೊಳ್ಳಲಿಲ್ಲ. ಅದರ ಜಾಗವನ್ನು ಬದಲಿಸಿದ, ಅಷ್ಟೆ.

ಕೊನೆಗೆ ದೇಹ ಸಿಕ್ಕ ಜಾಗ. ಬಂದವರಲ್ಲಿ ಎಷ್ಟೋ ಜನ ಹೊರಗೋಡೆಯ ವಾಟರ್ ಗೇಟನ್ನೇ ಅದೆಂದು ತಿಳಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಗುರುತಿನ ಕಲ್ಲು ಇರುವುದು ಬೇರೆಯಾಗಿ, ಬೇಲಿ ಹಾಕಿದ ತೆರೆದ ಜಾಗದಲ್ಲಿ. ಟಿಪ್ಪು ಸುಲ್ತಾನನ ದೇಹ ಇಲ್ಲಿ ಸಿಕ್ಕಿತೆಂದು ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಅಲ್ಲಿ ಈಗ ಕಮಾನಿಲ್ಲ, ಬೇರ್ಡ್ ನಿಂತ ಎತ್ತರದ ಕಟ್ಟೆಯಿಲ್ಲ. ಕಲ್ಲಿನ ಸುತ್ತ ಸಮತಟ್ಟು ನೆಲ.